ತಂತಿಯ ಎರಡು ತುದಿಗಳ ಒಪ್ಪಂದ

1978ರ ಆಗಸ್ಟ್‌ನಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್, ಚಿಕ್ಕದಾಗಿ ಡೆಕ್, ವಿಟಿ100 ಎಂಬ ಟರ್ಮಿನಲ್ಲನ್ನು ಹೊರತಂದಿತು. ನೋಡಲು ಒಂದು ಪರದೆ, ಒಂದು ಕೀಲಿಮಣೆ, ಹಿಂದೆ ಒಂದು ತಂತಿ. ಚಿತ್ರವಿಲ್ಲ, ಮೌಸ್ ಇಲ್ಲ. 24 ಸಾಲು, ಸಾಲಿಗೆ 80 ಅಕ್ಷರ. ನಿಜವಾದ ಕಂಪ್ಯೂಟರ್ ಪಕ್ಕದ ಕೋಣೆಯಲ್ಲೋ ಬೇರೆ ಊರಿನಲ್ಲೋ ಇರುತ್ತಿತ್ತು. ಒತ್ತಿದ ಅಕ್ಷರವನ್ನು ಅಲ್ಲಿಗೆ ಕಳಿಸುವುದು, ಅಲ್ಲಿಂದ ಬಂದದ್ದನ್ನು ತೋರಿಸುವುದು, ಇಷ್ಟೇ ಟರ್ಮಿನಲ್ಲಿನ ಕೆಲಸ. ಆದರೆ ಈ ಇಷ್ಟೇ ಕೆಲಸ ನಡೆಯಬೇಕಾದರೆ ಮೊದಲು ಹತ್ತಾರು ವಿಷಯಗಳಲ್ಲಿ ಎರಡೂ ಕಡೆಯವರಿಗೆ ಒಮ್ಮತವಿರಬೇಕಿತ್ತು.

ಕಾರಣ ಆ ತಂತಿಯ ಸ್ವಭಾವದಲ್ಲೇ ಇದೆ. 1960ರಿಂದ ಬಳಕೆಯಲ್ಲಿರುವ ಆರ್‌ಎಸ್-232 ಎಂಬ ಪದ್ಧತಿಯಲ್ಲಿ ಅಕ್ಷರಗಳ ಬಿಟ್‌ಗಳು ಒಂದರ ಹಿಂದೊಂದು ಹರಿಯುತ್ತವೆ. ಯಾವ ವೇಗದಲ್ಲಿ ಹರಿಯುತ್ತಿವೆ ಎಂದು ಹೇಳುವ ಗಡಿಯಾರದ ಸಂಕೇತ ಜೊತೆಯಲ್ಲಿ ಬರುವುದಿಲ್ಲ. ಸುಮ್ಮನಿದ್ದ ತಂತಿಯಲ್ಲಿ ಒಂದು ‘ಸ್ಟಾರ್ಟ್ ಬಿಟ್’ ಕಂಡೊಡನೆ ಅಕ್ಷರ ಬಂತೆಂದು ತಿಳಿಯುವ ಯಂತ್ರ, ಆಮೇಲೆ ತನ್ನದೇ ಗಡಿಯಾರ ನೋಡಿಕೊಂಡು ಬಿಟ್‌ಗಳನ್ನು ಎಣಿಸುತ್ತದೆ. ಹಾಡುವವರು ಒಂದು ಕಾಲದಲ್ಲಿ, ಮೃದಂಗದವರು ಇನ್ನೊಂದು ಕಾಲದಲ್ಲಿ ಹಿಡಿದರೆ ಕಛೇರಿ ಏನಾದೀತೋ ಇಲ್ಲಿಯೂ ಅದೇ ಗತಿ.

ವೇಗದ ಲೆಕ್ಕ ಸುಲಭ. ಎಂಟು ಬಿಟ್‌ಗಳ ಅಕ್ಷರಕ್ಕೆ ಆರಂಭಕ್ಕೊಂದು, ಕೊನೆಗೊಂದು ಬಿಟ್ ಸೇರಿದರೆ ಹತ್ತು. 9600ರ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ. ಪರದೆಯ 1920 ಅಕ್ಷರಗಳೂ ತುಂಬಲು ಎರಡು ಸೆಕೆಂಡು. ಟೆಲಿಫೋನ್ ಮೋಡೆಮ್ ಮೂಲಕ 300ರ ವೇಗದಲ್ಲಿ ಬಂದರೆ ಅದೇ ಪರದೆಗೆ 64 ಸೆಕೆಂಡು ಕಾಯಬೇಕು. ಕಳಿಸುವ ವೇಗ, ಪಡೆಯುವ ವೇಗ ಎರಡನ್ನೂ ಬೇರೆಬೇರೆಯಾಗಿ ಹೊಂದಿಸಲು ಅವಕಾಶವಿತ್ತು. ಏಕೆಂದರೆ 1200ರಲ್ಲಿ ಪಡೆದು 75ರಲ್ಲಷ್ಟೇ ಕಳಿಸುವ ಮೋಡೆಮ್‌ಗಳೂ ಆಗ ಇದ್ದವು.

ವಿಟಿ100ಕ್ಕಿಂತ ಮೊದಲು ಇಂಥ ಹೊಂದಾಣಿಕೆಗೆ ಬೆರಳ ತುದಿಯಷ್ಟು ಪುಟ್ಟ ಸ್ವಿಚ್‌ಗಳನ್ನು ಹುಡುಕಬೇಕಿತ್ತು. 1976ರ ಜನಪ್ರಿಯ ಟರ್ಮಿನಲ್ ಎಡಿಎಂ-3ಎಯಲ್ಲಿ ಅವು ಮುಂಬದಿಯ ಹೆಸರುಫಲಕದ ಅಡಿಯಲ್ಲಿದ್ದವು. ಡೆಕ್ ಎಂಜಿನಿಯರ್‌ಗಳು ಆ ಸ್ವಿಚ್‌ಗಳನ್ನೇ ಪರದೆಯ ಮೇಲೆ ತಂದರು. ಟರ್ಮಿನಲ್ ಒಳಗೆ ಇಂಟೆಲ್ 8080 ಪ್ರೊಸೆಸರ್ ಇದ್ದುದರಿಂದ ಅದು ಸಾಧ್ಯವಾಯಿತು. ‘ಸೆಟ್-ಅಪ್’ ಕೀ ಒತ್ತಿ, ಬಳಿಕ 5 ಒತ್ತಿದರೆ ಪರದೆಯ ತಳದಲ್ಲಿ ನಾಲ್ಕು ನಾಲ್ಕರಂತೆ ಹದಿನಾರು ಅಂಕಿಗಳು. ಪ್ರತಿಯೊಂದೂ ಸೊನ್ನೆ ಇಲ್ಲವೇ ಒಂದು. 6 ಒತ್ತಿದರೆ ಸೊನ್ನೆ ಒಂದಾಗುತ್ತಿತ್ತು. 7 ಮತ್ತು 8 ವೇಗ ಬದಲಿಸುತ್ತಿದ್ದವು. ಶಿಫ್ಟ್ ಹಿಡಿದು ಎಸ್ ಒತ್ತಿದರೆ, ವಿದ್ಯುತ್ ಹೋದರೂ ಅಳಿಯದ ನೆನಪಿನಲ್ಲಿ ಎಲ್ಲವೂ ಉಳಿಯುತ್ತಿತ್ತು.

ಆ ಹದಿನಾರು ಅಂಕಿಗಳಲ್ಲಿ ಒಂದು ಕರ್ಸರ್‌ನ ಆಕಾರಕ್ಕೆ, ಒಂದು ಕೀಲಿಯ ಟಿಕ್ ಸದ್ದಿಗೆ, ಒಂದು ಬ್ರಿಟನ್ನಿನವರ ಪೌಂಡ್ ಚಿಹ್ನೆಗೆ. ವಿದ್ಯುತ್ 60 ಹರ್ಟ್ಜ್‌ನದೋ ನಮ್ಮ ದೇಶದಂತೆ 50ರದೋ ಎಂದು ತಿಳಿಸಲೂ ಒಂದು. ಯಾವ ಅಂಕಿ ಯಾವುದಕ್ಕೆ ಎಂದು ಪರದೆ ಹೇಳುತ್ತಿರಲಿಲ್ಲ; ಕೈಪಿಡಿ ನೋಡಲೇಬೇಕು. ಸೆಟ್ಟಿಂಗ್‌ಗಳನ್ನು ಪದಗಳಲ್ಲೇ ಬರೆದು ತೋರಿಸುವ ಮೆನು 1983ರ ವಿಟಿ220ಯಲ್ಲಿ ಬಂತು. ಆದರೂ ಸ್ಕ್ರೂಡ್ರೈವರ್ ಹಿಡಿದ ತಂತ್ರಜ್ಞನಿಗಾಗಿ ಕಾಯದೆ, ಕುರ್ಚಿಯಲ್ಲಿ ಕೂತವರೇ ತಮ್ಮ ಯಂತ್ರವನ್ನು ಸರಿಪಡಿಸಿಕೊಳ್ಳುವ ಹಕ್ಕನ್ನು ಮೊದಲೇ ಕೊಟ್ಟಿದ್ದು ಆ ಹದಿನಾರು ಅಂಕಿಗಳು. ವಿಟಿ100ರ ದೊಡ್ಡ ಕೊಡುಗೆ ಅದೇ.

ಹೊಂದಾಣಿಕೆ ತಪ್ಪಿದಾಗ ಯಂತ್ರ ದೂರು ಹೇಳುವುದಿಲ್ಲ, ಆದರೆ ಲಕ್ಷಣ ತೋರಿಸುತ್ತದೆ. ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ತಪ್ಪಿದೆ. ಒಂದೊಂದು ಅಕ್ಷರವೂ ಎರಡೆರಡಾಗಿ ಕಂಡರೆ, ಟರ್ಮಿನಲ್ ತಾನೂ ತೋರಿಸಿ ಆ ಕಡೆಯ ಕಂಪ್ಯೂಟರ್ ಕೂಡ ಮರಳಿ ಕಳಿಸುತ್ತಿದೆ. ಒತ್ತಿದ್ದು ಏನೂ ಕಾಣದಿದ್ದರೂ ಕಂಪ್ಯೂಟರ್ ಉತ್ತರಿಸುತ್ತಿದ್ದರೆ, ಆ ಕೆಲಸವನ್ನು ಇಬ್ಬರೂ ಮಾಡುತ್ತಿಲ್ಲ. ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಇಳಿಯುತ್ತಿದ್ದರೆ, ಸಾಲು ಮುಗಿದಾಗ ಎಡ ಅಂಚಿಗೆ ಮರಳುವ ಆಜ್ಞೆ ಬಿಟ್ಟುಹೋಗಿದೆ.

ಇವುಗಳಲ್ಲಿ ತಲೆಕೆಡಿಸುವುದು ಪ್ಯಾರಿಟಿ. ಅಕ್ಷರದ ಏಳು ಬಿಟ್‌ಗಳಲ್ಲಿರುವ ಒಂದುಗಳ ಸಂಖ್ಯೆ ಸಮವಾಗುವಂತೆ ಎಂಟನೆಯ ಬಿಟ್ ಸೇರಿಸಿ ಕಳಿಸುವುದು ‘ಈವನ್ ಪ್ಯಾರಿಟಿ’. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಗೊತ್ತಾಗಲಿ ಎಂಬುದು ಉದ್ದೇಶ. ಈ ಕಡೆಯ ಪ್ರೋಗ್ರಾಂ ಎಂಟನ್ನೂ ಅಕ್ಷರದ ಭಾಗವೆಂದೇ ಓದಿದರೆ ಗಮ್ಮತ್ತಿನ ಫಲಿತಾಂಶ ಸಿಗುತ್ತದೆ. ಇಂಗ್ಲಿಷಿನ ದೊಡ್ಡ ಎ, ಬಿ ಅಕ್ಷರಗಳಲ್ಲಿ ಒಂದುಗಳು ಎರಡೇ. ಎಂಟನೆಯದು ಸೊನ್ನೆಯಾಗಿ ಅವು ಸರಿಯಾಗಿಯೇ ಬರುತ್ತವೆ. ಸಿ ಅಕ್ಷರದಲ್ಲಿ ಮೂರು. ಅದು ಬೇರೆಯೇ ಚಿಹ್ನೆಯಾಗುತ್ತದೆ. ಅರ್ಧ ಓದಲು ಬರುವ, ಅರ್ಧ ಬಾರದ ಪಠ್ಯ ಕಂಡರೆ ಅನುಭವಿಗಳು ವೇಗವನ್ನು ಮುಟ್ಟದೆ ನೇರವಾಗಿ ಪ್ಯಾರಿಟಿಗೆ ಕೈಹಾಕುತ್ತಾರೆ.

ನಡುನಡುವೆ ಅಕ್ಷರಗಳೇ ಕಾಣೆಯಾಗುವುದು ಇನ್ನೊಂದು ತೊಂದರೆ. ವಿಟಿ100ರಲ್ಲಿ ಸಾಲುಗಳು ಮೆಲ್ಲಗೆ ಜಾರುವ ವ್ಯವಸ್ಥೆ ಆರಿಸಿಕೊಂಡರೆ, 60 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ ಆರು ಸಾಲಷ್ಟೇ ಸರಿಯುತ್ತಿದ್ದವು. 9600ರ ವೇಗದಲ್ಲಿ ಬರುವುದೋ ಹನ್ನೆರಡು ತುಂಬು ಸಾಲು. ಹಾಗಾಗಿ ತುಂಬಿ ಬಂದಾಗ ಟರ್ಮಿನಲ್ ‘ಎಕ್ಸ್‌ಆಫ್’ ಎಂಬ ಸಂಕೇತ ಕಳಿಸಿ ಕಂಪ್ಯೂಟರನ್ನು ತಡೆಯುತ್ತದೆ, ಬಿಡುವಾದಾಗ ‘ಎಕ್ಸ್‌ಆನ್’ ಕಳಿಸುತ್ತದೆ. ಕೀಲಿಮಣೆಯಲ್ಲಿ ಇವೇ ಕಂಟ್ರೋಲ್-ಎಸ್ ಮತ್ತು ಕಂಟ್ರೋಲ್-ಕ್ಯು.

ಆ ಪೆಟ್ಟಿಗೆಗಳು ಹೋದರೂ ಒಪ್ಪಂದಗಳು ಬಳಕೆಯಲ್ಲಿವೆ. ಸಿಸ್ಕೊ ರೂಟರ್‌ಗಳನ್ನು ಕನ್ಸೋಲ್ ತಂತಿಯಿಂದ ಮೊದಲ ಬಾರಿ ಮಾತಾಡಿಸುವವರು ಸಾಮಾನ್ಯವಾಗಿ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂದೇ ಹೊಂದಿಸುತ್ತಾರೆ. ರಾಸ್ಪ್‌ಬೆರಿ ಪೈನಲ್ಲಿ ವೇಗ 115200. ಲಿನಕ್ಸ್‌ನ ಕಪ್ಪು ಕಿಟಕಿಯಲ್ಲಿ ‘ಎಸ್‌ಟಿಟಿವೈ -ಎ’ ಆಜ್ಞೆ ಕೊಟ್ಟರೆ ವೇಗ, ಪ್ಯಾರಿಟಿ, ಎಕ್ಸ್‌ಆಫ್ ಎಲ್ಲವೂ ಸಾಲಾಗಿ ಕಾಣಿಸುತ್ತವೆ. ಫೈಲ್ ಉಳಿಸುವ ಅಭ್ಯಾಸದಿಂದ ಅಲ್ಲಿ ಕಂಟ್ರೋಲ್-ಎಸ್ ಒತ್ತಿ, ಪರದೆ ಹೆಪ್ಪುಗಟ್ಟಿತೆಂದು ಗಾಬರಿಯಾಗುವ ಹೊಸಬರು ಬಹಳ. ಕೆಟ್ಟಿರುವುದು ಏನೂ ಇಲ್ಲ. ಕಂಟ್ರೋಲ್-ಕ್ಯು ಒತ್ತಿದರೆ ತಡೆದು ನಿಂತಿದ್ದ ಸಾಲುಗಳೆಲ್ಲ ಒಮ್ಮೆಗೇ ಇಳಿದು ಬರುತ್ತವೆ.