ಲಕ್ವದ ನಂತರ: ಯಂತ್ರದ ಮೇಲಿನ ಆಸೆ ಮತ್ತು ವೈದ್ಯರ ಅಳುಕು

ಕರಾವಳಿಯಲ್ಲಾಗಲಿ, ಮಂಡ್ಯ-ಮದ್ದೂರು ನಡುವಿನ ಹನಕೆರೆಯಲ್ಲಾಗಲಿ, ಲಕ್ವ ಹೊಡೆದವರ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: 'ಕೈ ಮತ್ತೆ ಬರುತ್ತದೆಯೇ?' ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ರೋಬೋಟ್ ಯಂತ್ರವಿದೆ ಎಂದು ಕೇಳಿದವರು ಅದರ ಮೇಲೆಯೇ ಆಸೆ ಇಡುತ್ತಾರೆ. ದುಬಾರಿಯಾದದ್ದು ಹೆಚ್ಚು ಗುಣ ಮಾಡುತ್ತದೆಂದು ನಾವೂ ನಂಬುತ್ತೇವಲ್ಲ!

ಫಿಸಿಯೋಥೆರಪಿಸ್ಟರು ನೋಡುವ ಬಗೆ ಬೇರೆ. ಯಂತ್ರವು ಸೋತ ಕೈಯಿಂದ ಒಂದೇ ಚಲನೆಯನ್ನು ದಣಿಯದೆ ನೂರಾರು ಸಲ ಮಾಡಿಸುತ್ತದೆ; ಈ ಅಭ್ಯಾಸದಿಂದ ಮೆದುಳಿನ ಹಾನಿಯಾಗದ ಭಾಗ ಹೊಸದಾಗಿ ಕಲಿಯಲಿ ಎಂಬುದು ಉದ್ದೇಶ. ಆದರೆ ಅಂಗಿಯ ಗುಂಡಿ ಹಾಕುವುದು, ಮುದ್ದೆ ಮುರಿಯುವುದು ಬೇರೆಯೇ ಕೆಲಸ. ಬ್ರಿಟನ್ನಿನಲ್ಲಿ 770 ರೋಗಿಗಳೊಡನೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಬೋಟ್ ತರಬೇತಿ ಪಡೆದವರ ಕೈಬಳಕೆ ಸಾಮಾನ್ಯ ಚಿಕಿತ್ಸೆ ಪಡೆದವರದಕ್ಕಿಂತ ಹೆಚ್ಚು ಸುಧಾರಿಸಲಿಲ್ಲ.

ಹಾಗಾದರೆ ಮನೆಯವರೇ ಸಾಕೇ? ಭಾರತದ 14 ಆಸ್ಪತ್ರೆಗಳ 1,250 ರೋಗಿಗಳನ್ನು ಕುರಿತ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೆಯವರಿಗೆ ವ್ಯಾಯಾಮ ಕಲಿಸಿದ್ದರಿಂದಲೂ ರೋಗಿಗಳ ಪರಾವಲಂಬನೆ ತಗ್ಗಲಿಲ್ಲ. ನುರಿತವರ ಕೈಕೆಳಗಿನ ನಿಯಮಿತ ಅಭ್ಯಾಸಕ್ಕೆ ಇವೆರಡೂ ಬದಲಿಯಾಗವು ಎಂದೇ ನಮ್ಮ ಅಭಿಪ್ರಾಯ.

ಸಾಲ ಮಾಡಿ ಯಂತ್ರದ ಬೆನ್ನು ಹತ್ತಬೇಡಿ ಎಂದು ಹೇಳುವುದು ಸುಲಭ. ಮನೆಭೇಟಿಗೆ ಹೋಗುವ ನಮ್ಮ ಸೇವಾಕರ್ತರು ಮೊದಲು ಕೇಳಬೇಕಾದದ್ದು, ವಾರಕ್ಕೆರಡು ಸಲ ರೋಗಿಯನ್ನು ಆಟೋ ಹತ್ತಿಸಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುವವರು ಯಾರಿದ್ದಾರೆ ಎಂದು.