ತಾಯಿಯ ಕಿಡ್ನಿ, ಮಗನ ರಕ್ತ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಧಾರವಾಡ ಜಿಲ್ಲೆಯ ಬಣ್ಣವೇ ಬದಲಾಗುತ್ತದೆ. ಕಲಘಟಗಿ ತಾಲ್ಲೂಕಿನಲ್ಲಿ ಹತ್ತಿ, ಕಡಲೆಯ ಬಯಲು ಮುಗಿದು ಭತ್ತದ ಗದ್ದೆ ಶುರುವಾಗುತ್ತದೆ, ಗದ್ದೆ ಮುಗಿದಲ್ಲಿ ಕಾಡು. ಈ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ವಂಶಸ್ಥರು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಸಿಕ್ಕ ಪರಿಶಿಷ್ಟ ಪಂಗಡದ ಮಾನ್ಯತೆ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಸಿಕ್ಕಿದ್ದು 2020ರಲ್ಲಿ.

ರಕ್ತದ ಕಾಯಿಲೆಯೊಂದರ ಲೇಖನದಲ್ಲಿ ಈ ಮಾತೇಕೆಂದರೆ, 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನ ಶುರುವಾಯಿತು. 17 ರಾಜ್ಯಗಳಲ್ಲಿ, ಮುಖ್ಯವಾಗಿ ಬುಡಕಟ್ಟು ಪ್ರದೇಶಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವುದು ಅದರ ಗುರಿ. ಕರ್ನಾಟಕವೂ ಪಟ್ಟಿಯಲ್ಲಿದೆ. ನಮ್ಮಲ್ಲಿ ಸಿಕಲ್ ಸೆಲ್ ಎಂದಕೂಡಲೇ ನೆನಪಾಗುವುದು ಮೈಸೂರು, ಚಾಮರಾಜನಗರ, ಕೊಡಗಿನ ಜೇನುಕುರುಬರು, ಸೋಲಿಗರು, ಯರವರು. ಆದರೆ ಸಿದ್ದಿಗಳ ಪೂರ್ವಜರು ಬಂದ ಆಫ್ರಿಕಾದಲ್ಲೂ ಸಿಕಲ್ ಸೆಲ್ ವಂಶವಾಹಿ ವ್ಯಾಪಕ. ಹಾಗಾಗಿ ಕಲಘಟಗಿಯ ಕಾಡಂಚನ್ನು ಬಿಟ್ಟು ಈ ಕೆಲಸ ಪೂರ್ತಿಯಾಗದು. ಹಾಗೆಂದು ಇದು ಯಾವ ಜಾತಿಯ ಮೇಲಿನ ಮುದ್ರೆಯೂ ಅಲ್ಲ. ಮಲೇರಿಯಾ ದಟ್ಟವಾಗಿದ್ದ ನೆಲಗಳಲ್ಲಿ ಬದುಕುಳಿಯಲು ನೆರವಾದ ವಂಶವಾಹಿ ಇದು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ಕಾಪಾಡುತ್ತದೆ, ಇಬ್ಬರಿಂದಲೂ ಬಂದರೆ ಕಾಯಿಲೆಯಾಗುತ್ತದೆ.

ಅಭಿಯಾನದ ತಪಾಸಣಾ ಶಿಬಿರದಲ್ಲಿ ಮಾಡುವ ಮೊದಲ ಪರೀಕ್ಷೆಯನ್ನು ನಿಂತು ನೋಡಬೇಕು. ಬೆರಳು ಚುಚ್ಚಿ ತೆಗೆದ ಹನಿ ರಕ್ತವನ್ನು ಸಣ್ಣ ಕೊಳವೆಯಲ್ಲಿರುವ ದ್ರಾವಣಕ್ಕೆ ಬೆರೆಸುತ್ತಾರೆ. ಐದು ನಿಮಿಷ ಬಿಟ್ಟು ಕೊಳವೆಯನ್ನು ಕಪ್ಪು ಗೆರೆ ಎಳೆದ ಬಿಳಿ ಕಾಗದದ ಮುಂದೆ ಹಿಡಿಯುತ್ತಾರೆ. ದ್ರಾವಣದ ಮೂಲಕ ಗೆರೆ ಕಂಡರೆ ಆಯಿತು, ಮುಂದಿನವರು ಬರಬಹುದು. ದ್ರಾವಣ ಕದಡಿಕೊಂಡು ಗೆರೆ ಮರೆಯಾದರೆ ಆ ರಕ್ತದಲ್ಲಿ ಹಿಮೊಗ್ಲೋಬಿನ್-ಎಸ್ ಇದೆ. ಆದರೆ ಆ ವ್ಯಕ್ತಿ ವಂಶವಾಹಿ ಒಬ್ಬರಿಂದಷ್ಟೇ ಬಂದ ವಾಹಕನೋ, ಇಬ್ಬರಿಂದಲೂ ಬಂದ ರೋಗಿಯೋ ಎಂಬುದು ಈ ಪರೀಕ್ಷೆಗೆ ತಿಳಿಯದು. ಅದಕ್ಕೆ ಹಿಮೊಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವಿರುವ ಪ್ರಯೋಗಾಲಯಕ್ಕೆ ರಕ್ತ ಹೋಗಬೇಕು.

ಹಿಮೊಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಹಿಮೊಗ್ಲೋಬಿನ್-ಎಸ್ ಆದಾಗ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿರುತ್ತದೆ. ತಪ್ಪು ಇಷ್ಟೇ. ಆದರೆ ಆಮ್ಲಜನಕ ಕಡಿಮೆಯಾದ ಕಡೆ ಈ ಹಿಮೊಗ್ಲೋಬಿನ್ ಕಣಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ, ದುಂಡಗಿನ ಕೆಂಪು ರಕ್ತಕಣ ಕುಡಗೋಲಿನ ಹಾಗೆ ಬಾಗುತ್ತದೆ. ಬಾಗಿದ ಕಣ ಸೂಕ್ಷ್ಮ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಬೇಗ ಒಡೆಯುತ್ತದೆ. 120 ದಿನ ಬಾಳಬೇಕಾದ ಕಣ ಎರಡು ಮೂರು ವಾರವೂ ಬಾಳುವುದಿಲ್ಲ. ಚಿಕಾಗೋದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಈ ಬಾಗಿದ ಕಣಗಳನ್ನು ಮೊದಲು ವರದಿ ಮಾಡಿದರು. ನಮ್ಮ ದೇಶದಲ್ಲಿ ಇದು ಬೆಳಕಿಗೆ ಬಂದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ.

ಈ ಕಾಯಿಲೆ ಎಂದರೆ ಎಲುಬು, ಕೀಲುಗಳ ತಡೆಯಲಾಗದ ನೋವು, ಸೋಂಕು, ರಕ್ತಹೀನತೆ ಎಂಬುದು ಹಲವರಿಗೆ ಗೊತ್ತು. ಕಿಡ್ನಿಯ ಮಾತು ಬರುವುದು ತೀರಾ ತಡವಾಗಿ. ಹೃದಯ ಪಂಪು ಮಾಡುವ ರಕ್ತದ ಐದನೇ ಒಂದು ಪಾಲು ಕಿಡ್ನಿಗೇ ಹೋಗುತ್ತದಾದರೂ, ಅದರ ಒಳಭಾಗವಾದ ಮೆಡುಲಾಕ್ಕೆ ತಲುಪುವುದು ಅದರಲ್ಲಿ ಸ್ವಲ್ಪವೇ. ಅಲ್ಲಿ ಆಮ್ಲಜನಕ ಬಹಳ ಕಡಿಮೆ, ಉಪ್ಪಿನಂಶ ಹೆಚ್ಚು, ಆಮ್ಲೀಯತೆಯೂ ಹೆಚ್ಚು. ಕೆಂಪುಕಣ ಬಾಗಲು ಬೇಕಾದದ್ದೆಲ್ಲ ಅಲ್ಲೇ ಇದೆ. ಮೂತ್ರವನ್ನು ಗಟ್ಟಿಮಾಡಿ ದೇಹದ ನೀರು ಉಳಿಸುವ ಕೆಲಸ ನಡೆಯುವುದೂ ಅಲ್ಲೇ. ಆ ನಾಳಗಳು ಕಟ್ಟಿಕೊಳ್ಳುತ್ತಾ ಹೋದಂತೆ ಕಿಡ್ನಿಗೆ ನೀರು ಹಿಡಿದಿಡುವ ಶಕ್ತಿ ಹೋಗುತ್ತದೆ.

ಇದು ಬಾಲ್ಯದಲ್ಲೇ ಶುರುವಾಗುತ್ತದೆ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡು ಬೈಸಿಕೊಳ್ಳುವ ಮಗು, ತರಗತಿಯಲ್ಲಿ ಪದೇ ಪದೇ ಎದ್ದು ಹೊರಗೆ ಹೋಗಲು ಕೇಳುವ ಮಗು ಸಿಕಲ್ ಸೆಲ್ ಮನೆತನದ್ದಾದರೆ ಅದರ ಮೇಲೆ ಸಿಟ್ಟಾಗಬಾರದು. ಎಷ್ಟು ನೀರು ಹೋಗುತ್ತದೋ ಅಷ್ಟು ಕುಡಿಯಲು ಕೊಡಬೇಕು. ಎರಡು ಮೂರು ವರ್ಷ ದಾಟಿದ ಸಣ್ಣ ಮಕ್ಕಳಿಗೆ ರಕ್ತ ಏರಿಸಿದರೆ ಮೂತ್ರ ಗಟ್ಟಿಮಾಡುವ ಶಕ್ತಿ ಮರಳುವುದನ್ನು ಹಳೆಯ ಅಧ್ಯಯನಗಳೇ ತೋರಿಸಿವೆ. ಹದಿಹರೆಯ ದಾಟಿದ ಮೇಲೆ ಅದು ಮರಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ದಿನವಿಡೀ ಹೊಲದಲ್ಲಿ ದುಡಿಯುವ ತರುಣನಿಗೆ ಇದರಿಂದ ಎರಡು ಕಡೆಯಿಂದ ಏಟು. ಕಿಡ್ನಿ ನೀರು ಉಳಿಸುವುದಿಲ್ಲ, ನೀರು ಕಡಿಮೆಯಾದ ರಕ್ತದಲ್ಲಿ ಕಣಗಳು ಇನ್ನಷ್ಟು ಬಾಗುತ್ತವೆ, ನೋವು ಕಾಣಿಸಿಕೊಳ್ಳುತ್ತದೆ. ನೋವು ಬಂತೆಂದು ಆತ ಊರಲ್ಲೇ ಸೂಜಿ ಮಾಡಿಸಿಕೊಂಡು ಬರುತ್ತಾನೆ. ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿ ಮತ್ತೆ ಮತ್ತೆ ಬಿದ್ದರೆ ಮೊದಲೇ ಬಳಲಿದ ಕಿಡ್ನಿಗೆ ಅದೇ ಕುತ್ತು.

ಇನ್ನೊಂದು ಅಪಾಯ ಲ್ಯಾಬ್ ವರದಿಯಲ್ಲಿದೆ. ಕಿಡ್ನಿ ಹೇಗಿದೆ ಎಂದು ತಿಳಿಯಲು ನಾವೆಲ್ಲ ನೋಡುವುದು ರಕ್ತದ ಕ್ರಿಯಾಟಿನಿನ್. ಸಿಕಲ್ ಸೆಲ್ ಇರುವವರಲ್ಲಿ ಮಾಂಸಖಂಡ ಕಡಿಮೆ, ಜೊತೆಗೆ ಅವರ ಕಿಡ್ನಿ ಕ್ರಿಯಾಟಿನಿನ್ ಅನ್ನು ಹೆಚ್ಚಾಗಿಯೇ ಹೊರಹಾಕುತ್ತದೆ. ಹೀಗಾಗಿ ಹಾನಿ ಸಾಕಷ್ಟು ಆಗಿದ್ದರೂ ವರದಿಯಲ್ಲಿ ಅಂಕಿ ಸರಿಯಾಗಿಯೇ ಕಾಣುತ್ತದೆ, ‘ಕಿಡ್ನಿ ಛಲೋ ಐತಿ’ ಅಂತ ಹೇಳಿ ಮನೆಗೆ ಕಳಿಸುತ್ತಾರೆ. ನಿಜ ಮೊದಲು ಗೊತ್ತಾಗುವುದು ಮೂತ್ರದಲ್ಲಿ ಸೋರುವ ಪ್ರೋಟೀನ್ ಆದ ಅಲ್ಬುಮಿನ್‌ನಿಂದ. ಹತ್ತು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಆ ಪರೀಕ್ಷೆ ಆಗಬೇಕು. ಸೋರುತ್ತಿದೆ ಎಂದು ಬೇಗ ತಿಳಿದರೆ ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೇ ಅದನ್ನು ತಗ್ಗಿಸಬಹುದು.

ತಡವಾದರೆ ಡಯಾಲಿಸಿಸ್. ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಬಂದಿರುವುದು ಹಳ್ಳಿಯ ಬಡವರಿಗೆ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಕಲ್ ಸೆಲ್ ರೋಗಿಗೆ ಅಲ್ಲೊಂದು ಇಕ್ಕಟ್ಟಿದೆ. ಡಯಾಲಿಸಿಸ್ ಮೇಲಿರುವವರಿಗೆ ನೀರು ಅಳೆದು ಕುಡಿಯಿರಿ ಎನ್ನುತ್ತಾರೆ, ಹೆಚ್ಚಾದ ನೀರನ್ನು ಹೊರಹಾಕಲು ಕಿಡ್ನಿಯಿಲ್ಲ. ಸಿಕಲ್ ಸೆಲ್ ರೋಗಿಗೆ ಬದುಕಿನುದ್ದಕ್ಕೂ ಹೇಳುತ್ತ ಬಂದದ್ದು ಹೆಚ್ಚು ನೀರು ಕುಡಿ ಎಂದು. ಎರಡೂ ಮಾತು ನಡೆಸುವುದು ಮನುಷ್ಯನ ಕೈಲಾಗದು. ಕೆಂಪುಕಣ ತಯಾರಿಸಲು ಹೇಳುವ ಎರಿತ್ರೋಪೊಯೆಟಿನ್ ಕಿಡ್ನಿಯಲ್ಲೇ ಹುಟ್ಟುವುದರಿಂದ ಮೊದಲೇ ಇದ್ದ ರಕ್ತಹೀನತೆ ಇನ್ನೂ ಆಳಕ್ಕಿಳಿಯುತ್ತದೆ, ಮತ್ತೆ ಮತ್ತೆ ರಕ್ತ ಏರಿಸಬೇಕಾಗುತ್ತದೆ.

ಹಾಗಾದರೆ ಕಿಡ್ನಿ ಕಸಿ? ಹಿಂದೆ ಹಲವು ವೈದ್ಯರು ಹಿಂಜರಿಯುತ್ತಿದ್ದರು. ಹೊಸ ಕಿಡ್ನಿಯೊಳಗೂ ಹರಿಯುವುದು ಅದೇ ಬಾಗುವ ರಕ್ತವಲ್ಲವೇ, ಅದೂ ಹಾಳಾಗದೇ ಎಂಬ ಪ್ರಶ್ನೆ. ಪ್ರಶ್ನೆ ತಪ್ಪಲ್ಲ, ಹಾಗಾಗುವುದೂ ಉಂಟು. ಆದರೆ ತಕ್ಕಡಿಯ ಇನ್ನೊಂದು ಕಡೆ ಡಯಾಲಿಸಿಸ್ ಮೇಲೆ ಉಳಿದವರ ಆಯುಷ್ಯವನ್ನೂ ಇಡಬೇಕು. ಅಮೆರಿಕದಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೇ ಹೋಲಿಸಿ ನೋಡಿತು. ಕಸಿ ಮಾಡಿಸಿಕೊಂಡ ಸಿಕಲ್ ಸೆಲ್ ರೋಗಿಗಳಲ್ಲಿ ಹತ್ತು ವರ್ಷಗಳಲ್ಲಿ ಸಾವಿನ ಪ್ರಮಾಣ ಸುಮಾರು 20 ಶೇಕಡಾ ಅಂಶಗಳಷ್ಟು ಇಳಿದಿತ್ತು. ಬೇರೆ ಕಾರಣಕ್ಕೆ ಕಿಡ್ನಿ ಕಳೆದುಕೊಂಡು ಕಸಿ ಮಾಡಿಸಿಕೊಂಡವರಿಗೆ ಆದಷ್ಟೇ ಲಾಭ. ಹೀಗಿದ್ದೂ ಸಿಕಲ್ ಸೆಲ್ ಇದ್ದವರಿಗೆ ಕಸಿ ಸಿಗುವ ಅವಕಾಶ ಉಳಿದವರಿಗಿಂತ ಕಡಿಮೆಯಿತ್ತು ಎಂಬುದನ್ನೂ ಅದೇ ಅಧ್ಯಯನ ಹೇಳಿತು. 2019ರಲ್ಲೇ ಅಮೆರಿಕದ ರಕ್ತರೋಗ ತಜ್ಞರ ಸಂಘ ಇಂಥ ರೋಗಿಗಳನ್ನು ಕಸಿಗೆ ಕಳಿಸಬೇಕೆಂದು ಸಲಹೆ ಕೊಟ್ಟಿದೆ. ರಕ್ತದಲ್ಲಿ ಸಿಕಲ್ ಸೆಲ್ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕಸಿಯ ಸಾಲಿನಿಂದ ಹೊರಗಿಡಬಾರದು ಎಂದೇ ನಾನೂ ನಂಬುತ್ತೇನೆ.

ಆದರೆ ತಯಾರಿ ಬೇರೆಯೇ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಆರೋಗ್ಯವಂತರ ರಕ್ತ ತುಂಬಿ, ಹಿಮೊಗ್ಲೋಬಿನ್-ಎಸ್ ಪಾಲನ್ನು ಸಾಮಾನ್ಯವಾಗಿ 30 ಶೇಕಡಾಕ್ಕಿಂತ ಕೆಳಗೆ ತರುತ್ತಾರೆ. ಮಂಜುಗಡ್ಡೆಯಲ್ಲಿ ತಣ್ಣಗಿಟ್ಟ ಕಿಡ್ನಿಯನ್ನು ಕೆಳಹೊಟ್ಟೆಯ ಒಂದು ಬದಿಗೆ ಜೋಡಿಸಿ ರಕ್ತ ಬಿಟ್ಟಾಗ ಅದರ ನಾಳಗಳಲ್ಲಿ ಕಣಗಳು ಬಾಗದಂತೆ ನೋಡಿಕೊಳ್ಳಬೇಕಲ್ಲ. ರೋಗಿಯ ಮೈ ತಣ್ಣಗಾಗಬಾರದು, ಆಮ್ಲಜನಕ ಕಡಿಮೆಯಾಗಬಾರದು, ನೀರಿನಂಶ ಇಳಿಯಬಾರದು. ಹೊಸ ಕಿಡ್ನಿ ಕೆಲಸ ಶುರುಮಾಡಿದ ಮೇಲೂ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಎರಿತ್ರೋಪೊಯೆಟಿನ್ ಮತ್ತೆ ಹುಟ್ಟುತ್ತದೆ, ಹಿಮೊಗ್ಲೋಬಿನ್ ಏರುತ್ತದೆ. ಬೇರೆ ರೋಗಿಯಲ್ಲಾದರೆ ಅದು ಸಂತೋಷದ ಸುದ್ದಿ. ಇಲ್ಲಿ ಏರುವುದು ಬಾಗುವ ಕಣಗಳ ಸಂಖ್ಯೆ, ರಕ್ತ ಮಂದವಾಗುತ್ತದೆ, ವರ್ಷಗಟ್ಟಲೆ ಕಾಡದಿದ್ದ ನೋವು ಮರಳಬಹುದು. ಅದಕ್ಕೇ ಕಣ ಬಾಗುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ, ಕೆಲವರಿಗೆ ಆಗಾಗ ರಕ್ತ ಬದಲಾವಣೆ ಮುಂದುವರಿಯುತ್ತದೆ. ಗುಲ್ಮ ಬಾಲ್ಯದಲ್ಲೇ ಹಾಳಾದವರಿಗೆ ಸೋಂಕಿನ ಭಯ ಮೊದಲೇ ಇರುತ್ತದೆ. ಕಸಿಯ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಲಸಿಕೆಗಳನ್ನು ಮೊದಲೇ ಹಾಕಿಸಬೇಕು. ಇಷ್ಟೆಲ್ಲ ಆದರೂ, ರೋಗಿ ಮತ್ತೆ ಹೊಟ್ಟೆ ತುಂಬ ನೀರು ಕುಡಿಯಬಹುದು.

ನಮ್ಮ ಕಡೆ ನಿಜವಾದ ಗಂಟು ಇರುವುದು ಬೇರೆ ಕಡೆ. ಕಿಡ್ನಿ ಕೊಡುವವರು ಯಾರು? ನಮ್ಮ ದೇಶದಲ್ಲಿ ಬಹುಪಾಲು ಕಿಡ್ನಿ ಬರುವುದು ಬದುಕಿರುವ ಸಂಬಂಧಿಕರಿಂದ, ಅವರಲ್ಲೂ ಹೆಂಗಸರೇ ಹೆಚ್ಚು. ಮಗನಿಗೆ ಕಿಡ್ನಿ ಹೋಗಿದೆ ಎಂದರೆ ‘ನಂದ ತಗೀರಿ’ ಎಂದು ಮೊದಲು ಮುಂದೆ ಬರುವವಳು ತಾಯಿ. ಸಿಕಲ್ ಸೆಲ್‌ನಲ್ಲಿ ಸಾಮಾನ್ಯವಾಗಿ ಆ ತಾಯಿ ವಾಹಕಳು, ತಂದೆಯೂ ವಾಹಕ, ಇಬ್ಬರಿಂದಲೂ ಬಂದರೆ ಮಾತ್ರ ತಾನೇ ಕಾಯಿಲೆ. ಒಡಹುಟ್ಟಿದವರಲ್ಲಿ ಕಾಯಿಲೆ ಇಲ್ಲದವರನ್ನೇ ತೆಗೆದುಕೊಂಡರೂ ಮೂವರಲ್ಲಿ ಇಬ್ಬರು ವಾಹಕರಾಗಿರುವ ಸಾಧ್ಯತೆ. ವಾಹಕರು ಆರೋಗ್ಯವಾಗಿಯೇ ಬದುಕುತ್ತಾರೆ, ಆದರೆ ಕೆಲವರಲ್ಲಿ ಮೂತ್ರದಲ್ಲಿ ರಕ್ತ ಕಾಣಿಸುವುದು, ಮೂತ್ರ ಗಟ್ಟಿಮಾಡುವ ಶಕ್ತಿ ತಗ್ಗುವುದು ಇದೆ, ಕಿಡ್ನಿ ಕಾಯಿಲೆಯ ಸಾಧ್ಯತೆಯೂ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಅಂಥವರಿಂದ ಕಿಡ್ನಿ ತೆಗೆಯಲು ಕೆಲವು ಕೇಂದ್ರಗಳು ಒಪ್ಪುವುದಿಲ್ಲ, ಕೆಲವು ಕೂಲಂಕಷ ಪರೀಕ್ಷೆಯ ನಂತರ ಒಪ್ಪುತ್ತವೆ. ಒಪ್ಪಿದರೂ, ಒಂದು ಕಿಡ್ನಿ ಕೊಟ್ಟು ಹೊಲಕ್ಕೆ ಮರಳುವ ತಾಯಿಗೆ ಇನ್ನೊಂದರ ಮೇಲೆ ಜೀವನವಿಡೀ ನಿಗಾ ಬೇಕು.

ಮೇಲಾಗಿ, ಪದೇ ಪದೇ ರಕ್ತ ಏರಿಸಿಕೊಂಡ ರೋಗಿಯ ದೇಹದಲ್ಲಿ ಪರರ ಅಂಗಾಂಶದ ವಿರುದ್ಧ ಪ್ರತಿಕಾಯಗಳು ಬೆಳೆದಿರುತ್ತವೆ, ಹೊಂದುವ ಕಿಡ್ನಿ ಸಿಗುವುದು ಇನ್ನಷ್ಟು ಕಷ್ಟ. ಅದಕ್ಕೇ ಇಂಥ ರೋಗಿಗೆ ಕೊಡುವ ಪ್ರತಿ ಬಾಟ್ಲಿ ರಕ್ತವೂ ಬಿಳಿಕಣ ಸೋಸಿದ್ದಾಗಿರಬೇಕು, ಬೇಕಿಲ್ಲದೆ ಕೊಡಲೂಬಾರದು.

ಹಾಗಿದ್ದಲ್ಲಿ ಎರಡು ದಾರಿಗಳನ್ನು ಮೊದಲ ದಿನದಿಂದಲೇ ತೆರೆದಿಡಬೇಕು. ಮಿದುಳು ಸತ್ತವರ ಅಂಗಾಂಗಗಳಿಗಾಗಿ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸುವುದು ಒಂದು. ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಕೊಟ್ಟಿರುವ ಅವಕಾಶ ಇನ್ನೊಂದು. ಬಡ ಕುಟುಂಬಗಳಿಗೆ ಕಸಿಯ ಖರ್ಚಿಗೆ ರಾಜ್ಯ ಸರ್ಕಾರದ ನೆರವೂ ಇದೆ. ಹಳ್ಳಿಯ ಮನೆಯವರಿಗೆ ಈ ಮಾತುಗಳನ್ನು ತಿಳಿಸಬೇಕಾದದ್ದು ಡಯಾಲಿಸಿಸ್ ಶುರುವಾಗಿ ವರ್ಷವಾದ ಮೇಲಲ್ಲ, ಅಲ್ಬುಮಿನ್ ಸೋರುತ್ತಿದೆ ಎಂದು ಗೊತ್ತಾದ ದಿನವೇ.

ಅಭಿಯಾನದಲ್ಲಿ ತಪಾಸಣೆಯಾದವರಿಗೆ ರಕ್ತದ ಸ್ಥಿತಿ ಬರೆದ ಕಾರ್ಡು ಕೊಡುತ್ತಾರೆ. ಮದುವೆಗೆ ಮುಂಚೆ ಗಂಡು ಹೆಣ್ಣಿನ ಕಾರ್ಡು ನೋಡಿಕೊಳ್ಳಲಿ ಎಂಬುದು ಉದ್ದೇಶ. ರೋಗ ಇದೆ ಎಂದು ಬರೆದ ಕಾರ್ಡಿನ ಹಿಂಬದಿಯಲ್ಲಿ ಇನ್ನೊಂದು ಸಾಲಿಗೆ ಜಾಗ ಇರಬೇಕು: ಈ ವರ್ಷದ ಮೂತ್ರದ ಅಲ್ಬುಮಿನ್ ಎಷ್ಟು, ಪರೀಕ್ಷೆ ಮಾಡಿದ ದಿನಾಂಕ ಯಾವುದು. ಕಲಘಟಗಿಯ ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಮೊದಲು ಆ ಬದಿಯನ್ನೇ ತಿರುಗಿಸಿ ನೋಡುವಂತಾಗಬೇಕು.