ಖಿನ್ನತೆ: ಆಯುರ್ವೇದದ ತಿಳಿವು ಮತ್ತು ಸದಸ್ಯರ ಹೊಣೆ

ದೀರ್ಘಕಾಲದ ಖಿನ್ನತೆಯು ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ, ಅದೊಂದು ಕಾಯಿಲೆ. ರೋಗವನ್ನು ಉಲ್ಬಣಗೊಳಿಸುವ ಸಂಗತಿಗಳಲ್ಲಿ ವಿಷಾದವೇ ಪ್ರಧಾನವೆಂದು ಚರಕ ಸಂಹಿತೆ ಪರಿಗಣಿಸುತ್ತದೆ. ಆಹಾರ, ಔಷಧಗಳ ಜೊತೆಗೆ, ಅಹಿತಕರ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವ ‘ಸತ್ತ್ವಾವಜಯ’ ಚಿಕಿತ್ಸೆಯನ್ನೂ ಅದು ತಿಳಿಸುತ್ತದೆ. ಧೈರ್ಯದ ಮಾತು, ನಿಯತ ನಿದ್ರೆ, ಆಪ್ತರ ಒಡನಾಟ ಇದಕ್ಕೆ ಪೂರಕ.

ಆದರೆ ಇವು ಮನೋವೈದ್ಯರ ಚಿಕಿತ್ಸೆಗೆ ಬದಲಿಯಲ್ಲ. ಅಶ್ವಗಂಧ, ಬ್ರಾಹ್ಮಿ ಮುಂತಾದವುಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಸೇವಿಸುತ್ತಿರುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಬೆಳೆನಷ್ಟ, ಸಾಲ, ಅಗಲಿಕೆಯಿಂದ ಕುಗ್ಗಿ ‘ಬದುಕು ಸಾಕು’ ಎನ್ನುವವರ ಮಾತನ್ನು ಸದಸ್ಯರು ಲಘುವಾಗಿ ಪರಿಗಣಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದ್ದು, ಈ ಸಂಖ್ಯೆಯನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು.